ಸುಟ್ಟ ಲಾರಿಯ ಬಲಗಡೆ ಬಾಗಿಲು

ಅಜ್ಜಂಪುರ
27-2-1978

ಕಲ್ಲೇಶಿಗೆ ಭಾಗಕ್ಕನ ಆಶೀರ್ವಾದ.

ನನ್ನ ತಮ್ಮ ಜವರಯ್ಯನ ಹನ್ನೊಂದರ ದಿನ ಮುಗಿಯಿತು. ಮಣ್ಣಿನ ದಿನ ನೀನು ಬಂದು ಬೇಲಿಯ ಆಚೆ ನಿಂತಿದ್ದನ್ನು ನೋಡಿದೆ. ಒಳಗೆ ಬರಲಿಲ್ಲ, ಒಂದು ಮಾತಾಡಲಿಲ್ಲ, ಹಾಗೇ ಹೊರಟುಹೋದೆ. ಚಿಕ್ಕಂದಿನಲ್ಲಿ ನಿಮ್ಮಮ್ಮನಿಗೆ ಗೊತ್ತಾಗದ ಹಾಗೆ ನಮ್ಮ ಒಲೆಯ ಮುಂದೆ ಕೂತು ಜವರಯ್ಯನ ತಟ್ಟೆಯಲ್ಲೇ ಮುದ್ದೆ ಮುರಿದವನು ನೀನು. ನಿನಗೂ ಈಗ ದೊಡ್ಡ ಜಾತಿಯ ನೆನಪು ಬಂತೋ ಏನೋ ಎಂದುಕೊಂಡೆ. ಆಮೇಲೆ, ಜೀವದ ಗೆಳೆಯ, ನೋಡಲಾರದೆ ಹೋಗಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಲಾರಿಯ ಸಾಹುಕಾರ ಸೋಮಶೇಖರಪ್ಪ ಡ್ರೈವರ್ ಕುಡಿದಿದ್ದ ಎಂದು ಕಡೂರಿನ ತುಂಬ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಪೊಲೀಸಿಗೂ ಹಾಗೇ ಬರೆದುಕೊಟ್ಟಿದ್ದಾನೆ. "ಆ ಜನ ಕುಡೀದೆ ಗಾಡಿ ಹತ್ತಾರೇನ್ರೀ" ಅಂದನಂತೆ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ. ಕೇಳಿ ಮೈಗೆಲ್ಲ ಹೇಸಿಗೆ ಮೆತ್ತಿದ ಹಾಗಾಯಿತು. ಹೆಂಡದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದವನು ಜವರಯ್ಯ. ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಡೆದದ್ದನ್ನು ಕಂಡವರ ಬಾಯಿಂದಲೇ ಕೇಳಿದ್ದೇನೆ. ತರೀಕೆರೆ ಕಡೆಯಿಂದ ಭತ್ತದ ಹುಲ್ಲು ಹೇರಿಕೊಂಡು ಒಬ್ಬನೇ ಬರುತ್ತಿದ್ದ. ಅಮೃತಾಪುರದ ಈಚೆ ಜೋತುಬಿದ್ದಿದ್ದ ಕರೆಂಟು ತಂತಿ ಹುಲ್ಲಿಗೆ ತಗುಲಿತು. ರಸ್ತೆಯ ಎರಡೂ ಕಡೆ ಕಣ, ಬಣವೆ, ಹುಲ್ಲಿನ ಸೂರುಗಳು. ಅವನು ಅಲ್ಲಿ ನಿಲ್ಲಿಸಲಿಲ್ಲ. ಉರಿಯುವ ಲಾರಿಯನ್ನು ಕೆರೆ ಏರಿಯ ತನಕ ಓಡಿಸಿದ. ಅಲ್ಲಿ ಲಾರಿಯ ಎಡಗಡೆ ಹುಣಸೆ ಮರಕ್ಕೆ ಒತ್ತಿಕೊಂಡು ನಿಂತಿತು. ಜನ ಹತ್ತಿರ ಹೋಗಲಾಗದೆ ದೂರದಿಂದ ಕೂಗಿದರು. ಎಡಗಡೆ ಬಾಗಿಲು ತೆಗೆಯುವ ಹಾಗಿರಲಿಲ್ಲ, ಸರಿ. ಬಲಗಡೆ, ಅವನ ಕೈ ಪಕ್ಕದಲ್ಲೇ ಇದ್ದ ಬಾಗಿಲಿಗೆ ಏನಾಗಿತ್ತು? ತೆಗೆದು ಯಾಕೆ ಹಾರಲಿಲ್ಲ? ನನ್ನ ಪ್ರಶ್ನೆ ಇದೊಂದೇ. ಸೋಮಶೇಖರಪ್ಪನ ಉತ್ತರವೂ ಒಂದೇ, ಕುಡಿದು ಬಿದ್ದಿದ್ದ.

ಅವನ ಹೆಂಡತಿ ಮಾರಮ್ಮ, ಒಂದೂವರೆ ವರ್ಷದ ಮಗಳು ಇಬ್ಬರೂ ಈಗ ನನ್ನ ಆಸ್ಪತ್ರೆ ಕ್ವಾರ್ಟರ್ಸಿನಲ್ಲೇ ಇದ್ದಾರೆ. ಚಿಕ್ಕಮಗಳೂರಿನ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿಸಿದ್ದೇನೆ. ಕುಡಿದು ಸತ್ತ ಎಂದು ತೀರ್ಮಾನವಾದರೆ ಮಾರಮ್ಮನಿಗೆ ಪರಿಹಾರವಿಲ್ಲ, ಮಗು ಕುಡುಕನ ಮಗಳೆಂದೇ ಬೆಳೆಯಬೇಕು. ಇಪ್ಪತ್ತು ವರ್ಷ ನರ್ಸಮ್ಮನಾಗಿ ಊರವರ ಮಕ್ಕಳನ್ನೆಲ್ಲ ಹೊರಗೆ ಎಳೆದು ಕೊಟ್ಟೆ, ನನ್ನ ತಮ್ಮನನ್ನು ಆ ಲಾರಿಯಿಂದ ಎಳೆಯುವವರು ಒಬ್ಬರೂ ಇರಲಿಲ್ಲ. ಅದು ನಿನ್ನ ಶೆಡ್ಡಿಗೆ ಬಂದಿದೆಯಂತೆ. ಬಿಚ್ಚುವವನು ನೀನು. ನೋಡಿ ಬರೆ.

ಭಾಗಕ್ಕ


ಕಡೂರು
19-3-1978

ಭಾಗಕ್ಕನಿಗೆ ಕಲ್ಲೇಶಪ್ಪ ಮಾಡುವ ನಮಸ್ಕಾರಗಳು.

ಬರೆಯುವುದು ತಡವಾಯಿತು, ಬೈಯಬೇಡ. ಗ್ರೀಸು ಹತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದು, ಈ ಲಾರಿ ಮುಟ್ಟಿದ ಕೈ ಎಷ್ಟು ಉಜ್ಜಿದರೂ ಕಮಟು ಬಿಡುವುದಿಲ್ಲ. ರಬ್ಬರು, ಬಣ್ಣ, ಸೀಟಿನ ನಾರು ಎಲ್ಲ ಸೇರಿ ಸುಟ್ಟ ವಾಸನೆ. ಅದರಲ್ಲಿ ಇನ್ನೇನು ಸೇರಿದೆಯೋ ಅದನ್ನು ಬರೆಯುವುದಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅನ್ನಕ್ಕೂ ಅದೇ ವಾಸನೆ. ಮನೆಗೆ ಹೋದರೆ ಮಲ್ಲಿಕಾಂಬ ಹೊಸಲಲ್ಲೇ ತಡೆಯುತ್ತಾಳೆ. "ಅಂಗಿ ಅಲ್ಲೇ ಬಿಚ್ಚಾಕಿ ಬನ್ನಿ, ಮಕ್ಳು ಹೆದ್ರಿಕೊತ್ತವೆ" ಅನ್ನುತ್ತಾಳೆ.

ಮುಂದಿನ ಗಾಜಿನ ಜಾಗದಿಂದ ಹೆಣ ಇಳಿಸಿ ಮೂರು ದಿನವಾಗಿರಲಿಲ್ಲ, ಸೋಮಶೇಖರಪ್ಪ ಬಂದ. ಮೂಗಿಗೆ ಕರ್ಚೀಫು. ಕೇಳಿದ ಮೊದಲ ಮಾತು, "ಗೇರ್ ಬಾಕ್ಸ್ ಉಳಿದೈತೇನೋ ಕಲ್ಲೇಶಿ? ಇನ್ನೊಂದ್ ಗಾಡಿಗೆ ಆಯ್ತದಾ ನೋಡು." ಜವರಯ್ಯನ ಮನೆಯವರು ಎಲ್ಲಿದ್ದಾರೆ, ಹೇಗಿದ್ದಾರೆ, ಊಹೂಂ. ಅವನ ಬಾಯಲ್ಲಿ ಆ ಹೆಸರೇ ಬರಲಿಲ್ಲ. ನನಗೆ ಅಲ್ಲೇ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ, ಪಾನಾ ಎತ್ತಿಕೊಂಡು ಕೆಲಸಕ್ಕೆ ಕೂತೆ.

ಟೈರುಗಳಲ್ಲಿ ತಂತಿ ಮಾತ್ರ ಉಳಿದಿದೆ. ರೇಡಿಯೇಟರಿನ ಬೆಸುಗೆ ಕರಗಿ ಸುರಿದುಹೋಗಿದೆ. ಬ್ಯಾಟರಿ, ವೈರು ಬೂದಿ. ಗೇರ್ ಬಾಕ್ಸಿನ ಸೀಲುಗಳು ಸುಟ್ಟಿವೆ, ಹಲ್ಲುಗಳು ಚೆನ್ನಾಗಿವೆ. ಹಿಂದಿನ ಆಕ್ಸಲ್‌ಗೆ ಏನೂ ಆಗಿಲ್ಲ. ಇಂಜಿನ್ ಬಿಚ್ಚಿ ನೋಡಬೇಕು. ಮುಂದಿನ ಸ್ಪ್ರಿಂಗುಗಳು ಹೋದವು. ಅಷ್ಟು ಕಾದ ಉಕ್ಕಿಗೆ ಹದ ಉಳಿಯುವುದಿಲ್ಲ, ಸುತ್ತಿಗೆಯಲ್ಲಿ ತಟ್ಟಿದರೆ ಒಡಕು ಮಡಕೆಯ ಸದ್ದು ಬರುತ್ತದೆ. "ಮಸಿ ಉಜ್ಜಿ ಕಪ್ಪು ಪೇಂಟ್ ಹೊಡಿ, ಯಾರಾದ್ರೂ ತಗೊತ್ತಾರೆ" ಅಂದ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಇನ್ನೊಬ್ಬ ಡ್ರೈವರ್ ಸಾಯುತ್ತಾನೆ ಸಾಹುಕಾರ್ರೇ ಅಂದೆ. "ಊರ ಉಸಾಬರಿ ನಿಂಗ್ಯಾಕಲೇ" ಅಂದ.

ನೀನು ಕೇಳಿದ ವಿಷಯ ಹೇಳುವುದು ಕಷ್ಟ. ಬೆಂಕಿಗೆ ತಗಡು ಸೊಟ್ಟಗಾಗುತ್ತದೆ, ಸಿಕ್ಕಿಕೊಳ್ಳುತ್ತದೆ. ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಮುಂದಿನ ಗಾಜಿನ ಮೇಲೆ ಉರಿಯುವ ಹುಲ್ಲು ಸುರಿಯುತ್ತಿದ್ದಿರಬೇಕು. ಜವರಯ್ಯ ಕುಡಿಯುವವನಲ್ಲ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇತಿ ನಿನ್ನ
ಕಲ್ಲೇಶಿ


ಅಜ್ಜಂಪುರ
25-3-1978

ಕಲ್ಲೇಶಿಗೆ ಆಶೀರ್ವಾದ.

ಗೇರಿನ ಹಲ್ಲು ಬರೆದೆ, ಸೀಲು ಬರೆದೆ, ಸ್ಪ್ರಿಂಗಿನ ಸದ್ದೂ ಬರೆದೆ. ನಾನೇನು ಲಾರಿ ಕೊಳ್ಳಲು ಬಂದವಳೇನಪ್ಪಾ? ನಾನು ಕೇಳಿದ್ದು ಬಾಗಿಲು. "ಸಿಕ್ಕಿಕೊಳ್ಳುತ್ತದೆ" ಅಂದರೆ ಏನರ್ಥ? ಸಿಕ್ಕಿಕೊಂಡಿತ್ತೋ ಇಲ್ಲವೋ? ಬಿಚ್ಚಿದವನು ನೀನು, ನೋಡಿದವನು ನೀನು. ಹೆರಿಗೆ ಮನೆಯಿಂದ ಹೊರಗೆ ಬಂದು ನಾನು "ಮಗು ಗಂಡಿರಬಹುದು, ಹೆಣ್ಣಿರಬಹುದು" ಅಂತ ಹೇಳಿದರೆ ಜನ ಬಿಡುತ್ತಾರೆಯೇ?

ನೀನು ಸೋಮಶೇಖರಪ್ಪನಿಗೆ ಹೆದರಿದ್ದೀಯ, ನನಗೆ ಅರ್ಥವಾಗುತ್ತದೆ. ಅವನ ಎರಡು ಗಾಡಿಗಳಿಂದಲೇ ನಿನ್ನ ಶೆಡ್ಡು ನಡೆಯುವುದು. ಆದರೆ ನೋಡು, ಯಾರಾದರೂ ಬಾಗಿಲು ಎಂದ ಕೂಡಲೇ ಅವನು ಕುಡಿತ ಎನ್ನುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಬಾಗಿಲಿನಲ್ಲಿ ಏನೋ ಇದೆ, ಅದು ಅವನಿಗೆ ಗೊತ್ತಿದೆ. ಡಾಕ್ಟರ ಕಾಗದವನ್ನು ನಾನೇ ಓದಿದೆ. ದೇಹ ಸುಟ್ಟ ರೀತಿಯಲ್ಲಿ ಕುಡಿದಿದ್ದನೋ ಇಲ್ಲವೋ ಹೇಳಲಾಗುವುದಿಲ್ಲ ಎಂದಿದೆ. ಹಾಗಾಗಿ ಉಳಿದಿರುವುದು ಬಾಗಿಲೊಂದೇ. ಅದನ್ನು ಜೋಪಾನ ಮಾಡು, ಗುಜರಿಗೆ ಹಾಕಬೇಡ.

ಮಾರಮ್ಮ ಮಾತಾಡುವುದಿಲ್ಲ. ಹಗಲೆಲ್ಲ ಮಗುವಿನ ತಲೆ ಬಾಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಬಾಚುತ್ತಾಳೆ. ನಿನ್ನೆ ಒಂದೇ ಒಂದು ಮಾತು ಕೇಳಿದಳು, "ಅತ್ಗೆ, ಕಲ್ಲೇಶಣ್ಣ ಏನಂತ ಬರ್ದವ್ರೆ?" ನಾನು ಏನು ಹೇಳಲಿ?

ಬಸ್ಸಿನ ಕಂಡಕ್ಟರ್ ರಂಗಪ್ಪನ ಕೈಯಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಕಳಿಸಿದ್ದೇನೆ. ನಿನಗೆ ಇಷ್ಟ ಎಂದು ಜವರಯ್ಯ ಯಾವಾಗಲೂ ಕಟ್ಟಿಸಿಕೊಂಡು ಬರುತ್ತಿದ್ದ.

ಭಾಗಕ್ಕ


ಕಡೂರು
2-6-1978

ಅಕ್ಕನಿಗೆ ನಮಸ್ಕಾರಗಳು.

ಚಟ್ನಿಪುಡಿ ತಲುಪಿತು. ಮಕ್ಕಳು ತಿಂದರು. ನಾನು ಮುಟ್ಟಲಿಲ್ಲ. ಇನ್ನು ಕಳಿಸಬೇಡ, ಸುಮ್ಮನೆ ನಿನಗೆ ಕಷ್ಟ.

ಇಲ್ಲಿ ನಡೆದದ್ದನ್ನು ಕೇಳು. ಇಂಜಿನ್ ಉಳಿದಿತ್ತು. ಅದನ್ನೂ ಗೇರ್ ಬಾಕ್ಸನ್ನೂ ಇನ್ನೊಂದು ಲಾರಿಗೆ ಕೂರಿಸು ಎಂದ. ಕೂರಿಸುವ ಮುಂಚೆ ಅವನಿಗೆ ಮೈಲಿಗೆಯ ಯೋಚನೆ ಹತ್ತಿತು. ಹೆಣ ಬಿದ್ದ ಗಾಡಿಯ ಸಾಮಾನು, ಜೊತೆಗೆ ಇಂಥವನ ಹೆಣ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಶೆಡ್ಡಿನಲ್ಲಿ ಇಂಜಿನ್ನು, ಗೇರ್ ಬಾಕ್ಸು, ಆಕ್ಸಲ್ಲು ಸಾಲಾಗಿ ಇಡಿಸಿ, ಅಯ್ಯನವರನ್ನು ಕರೆಸಿ, ವಿಭೂತಿ ಹಚ್ಚಿಸಿ ನೀರು ಚಿಮುಕಿಸಿದ. ನಿಂಬೆಹಣ್ಣು ಬೇರೆ. ಅಯ್ಯನವರು ವಯಸ್ಸಾದವರು, ಒಳ್ಳೆಯವರು. "ಸತ್ತವನ ಹೆಸರೇನಪ್ಪಾ, ಅವನ ಆತ್ಮಕ್ಕೂ ಶಾಂತಿ ಕೋರಾಣ" ಎಂದು ಕೇಳಿದರು. ಸೋಮಶೇಖರಪ್ಪ "ಡ್ರೈವರ್ರು" ಅಂದ. ಅಯ್ಯನವರು ಅವನ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು. ಹೆಸರು ಹೇಳಬೇಕಾಗಿದ್ದವನು ನಾನು. ನಿಂಬೆಹಣ್ಣು ಕುಯ್ದು ಅವರ ಕೈಗೆ ಕೊಟ್ಟೆ.

ಮನುಷ್ಯ ಮುಟ್ಟಿದರೆ ಮೈಲಿಗೆ, ಅವನು ಹತ್ತು ವರ್ಷ ಹಿಡಿದ ಗೇರು ಮಾತ್ರ ಬೇಕು. ಇಂಥವರ ಊರಿನಲ್ಲಿ ಹುಟ್ಟಿ, ಇಂಥವರ ಗಾಡಿ ರಿಪೇರಿ ಮಾಡಿಕೊಂಡು ಅನ್ನ ತಿನ್ನುತ್ತಿದ್ದೇನಲ್ಲ ಎಂದು ಅಸಹ್ಯವಾಗುತ್ತದೆ.

ನೀನು ಹೇಳಿದ ಬಾಗಿಲು ಇಲ್ಲಿ ಕಾಣುತ್ತಿಲ್ಲ. ಸುಟ್ಟ ತಗಡನ್ನೆಲ್ಲ ಗುಜರಿಯವನು ಒಯ್ದ, ಅದರಲ್ಲಿ ಹೋಗಿರಬೇಕು.

ಅಕ್ಕ, ಒಂದು ಮಾತು. ಈ ಕೇಸು ಬಿಟ್ಟುಬಿಡು. ಸೋಮಶೇಖರಪ್ಪನ ಹತ್ತಿರ ಮಾತಾಡಿದರೆ ಮಾರಮ್ಮನಿಗೆ ಏನಾದರೂ ಕೊಡಿಸಬಹುದು. ಆಫೀಸು ಅಲೆದು ಯಾರು ಬದುಕಿದ್ದಾರೆ? ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಕಲ್ಲೇಶಿ


ಅಜ್ಜಂಪುರ
30-7-1978

ಕಲ್ಲೇಶಪ್ಪನಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಎರಡು ತಿಂಗಳು ಸುಮ್ಮನಿದ್ದೆ. ಹೆಣದ ಮೇಲಿನ ಕಾಸು ಆರಿಸಿಕೊಂಡು ಸುಮ್ಮನಾಗು ಎಂದು ಬೇರೆ ಯಾರಾದರೂ ಬರೆದಿದ್ದರೆ ಆ ಕಾಗದವನ್ನು ಒಲೆಗೆ ಹಾಕುತ್ತಿದ್ದೆ. ನೀನು ಬರೆದೆ ಎಂದು ಇಟ್ಟುಕೊಂಡಿದ್ದೇನೆ.

ಈಗ ಕೇಳು. ಸೆಪ್ಟೆಂಬರ್ ಹದಿನೆಂಟಕ್ಕೆ ವಿಚಾರಣೆ. ಸೋಮಶೇಖರಪ್ಪ ಆಫೀಸಿಗೆ ಒಂದು ಹೇಳಿಕೆ ಕೊಟ್ಟಿದ್ದಾನೆ. ಅದರ ನಕಲು ನನಗೆ ಬಂತು. ಲಾರಿಯ ಬ್ರೇಕು, ಸ್ಟಿಯರಿಂಗು, ಎರಡೂ ಬಾಗಿಲು ಸುಸ್ಥಿತಿಯಲ್ಲಿದ್ದವು, ಬಲಗಡೆ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು ಎಂದು ಮೆಕ್ಯಾನಿಕ್ ಬರೆದುಕೊಟ್ಟಿದ್ದಾನೆ. ಕೆಳಗಿನ ಸಹಿ ನಿನ್ನದು. ತಾರೀಕು ಮಾರ್ಚ್ ಐದು. ಅಂದರೆ ನನಗೆ ಮೊದಲ ಪತ್ರ ಬರೆಯುವ ಮುಂಚೆಯೇ ಹಾಕಿದ್ದೀಯ. ಹಾಕಿದ ಮೇಲೆ ನನಗೆ ಸ್ಪ್ರಿಂಗಿನ ಸದ್ದು ಬರೆದಿದ್ದೀಯ.

ಮಾರಮ್ಮನಿಗೆ ಓದಿ ಹೇಳಲಿಲ್ಲ.

ಬಲವಂತ ಮಾಡಿ ಹಾಕಿಸಿಕೊಂಡಿದ್ದಾರೆ ಎಂದೇ ನಂಬುತ್ತೇನೆ. ಹಾಗಲ್ಲದಿದ್ದರೆ ಅದನ್ನೂ ನೀನೇ ಹೇಳು.

ಭಾಗಮ್ಮ


ಕಡೂರು
13-8-1978

ಅಕ್ಕ,

ಸಹಿ ಬಲವಂತದ್ದಲ್ಲ. ಯಾರೂ ನನ್ನ ಕೈ ಹಿಡಿಯಲಿಲ್ಲ. ಟೀ ತರಿಸಿದ, ಕುಡಿದೆ, ಕಾಗದ ಮುಂದಿಟ್ಟ, ಹಾಕಿದೆ. ಅಷ್ಟೇ. ಸೋಮಶೇಖರಪ್ಪನನ್ನು ಹೇಸಿಗೆ ಮನುಷ್ಯ ಎಂದು ನಿನಗೆ ಪುಟಗಟ್ಟಲೆ ಬರೆದೆನಲ್ಲ, ಬರೆಯುತ್ತಿದ್ದಷ್ಟು ಹೊತ್ತು ನನ್ನ ಕಡೆ ನೋಡಿಕೊಳ್ಳುವುದು ತಪ್ಪುತ್ತಿತ್ತು.

ಬಾಗಿಲಿನ ವಿಷಯ ಹೇಳುತ್ತೇನೆ. ಕಳೆದ ಕಾರ್ತಿಕದಲ್ಲಿ ಬಲಗಡೆ ಬಾಗಿಲಿನ ಲಾಕು ಸವೆದು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಬಾಗಿಲು ತೆರೆದುಕೊಳ್ಳುತ್ತಿತ್ತು. ಹೊಸದು ತರಿಸಿ ಎಂದೆ. ಸೋಮಶೇಖರಪ್ಪ "ಎರಡ್ ಬೋಲ್ಟ್ ಹಾಕ್ಬಿಡೋ, ಆ ಕಡೆಯಿಂದ ಹತ್ತಿ ಇಳೀಲಿ. ಎಲ್ಲಾರ ಗಾಡೀನೂ ಹಂಗೇ ಓಡ್ತಿಲ್ವೇ?" ಎಂದ. ಓಡುತ್ತಿದ್ದವು, ಸುಳ್ಳಲ್ಲ. ನಾನೇ ಎಷ್ಟೋ ಗಾಡಿಗಳಿಗೆ ಹಾಗೆ ಮಾಡಿಕೊಟ್ಟಿದ್ದೇನೆ. ಬಾಗಿಲಿಗೂ ಪಕ್ಕದ ಕಂಬಕ್ಕೂ ತೂತು ಕೊರೆದು ಎರಡು ಬೋಲ್ಟ್ ಹಾಕಿ ನಟ್ ಬಿಗಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಪಾನಾ ಹಾಕಿ ಬಿಚ್ಚಬಹುದಿತ್ತು. ರಸ್ತೆಯ ಕುಲುಕಾಟಕ್ಕೆ ತಾನಾಗಿ ಸಡಿಲವಾಗಿ ಎಲ್ಲೋ ಬಿದ್ದುಹೋಗುತ್ತಿತ್ತು. ಆದರೆ ಕಲ್ಲೇಶಿ ಮಾಡಿದ ಕೆಲಸ ಬಿಚ್ಚಿಕೊಂಡಿತು ಎಂದು ಯಾರೂ ಅನ್ನಬಾರದಲ್ಲ. ನಟ್ಟಿನಿಂದ ಆಚೆ ಉಳಿದ ಬೋಲ್ಟಿನ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದೆ. ಹಾಗೆ ಬಡಿದರೆ ಕತ್ತರಿಸಬೇಕೇ ಹೊರತು ಬಿಚ್ಚಲಾಗುವುದಿಲ್ಲ. ಜವರಯ್ಯ ಪಕ್ಕದಲ್ಲೇ ನಿಂತು ನೋಡುತ್ತಿದ್ದ. "ಲೇ ಕಲ್ಲೇಶಿ, ಇದು ನನ್ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಲ್ಲ ಕಣೋ" ಎಂದು ನಕ್ಕ. ನಾನು ಹಿಗ್ಗಿದೆ.

ಲಾರಿ ಶೆಡ್ಡಿಗೆ ಬಂದ ದಿನ ಮೊದಲು ನೋಡಿದ್ದೇ ಅದನ್ನು. ಎರಡೂ ಬೋಲ್ಟ್ ಅಲ್ಲೇ ಇದ್ದವು. ಒಳಗಡೆಯ ಹಿಡಿ ಕಿತ್ತು ಬಂದಿತ್ತು. ಎಷ್ಟು ಎಳೆದನೋ. ಬೆಂಕಿ ಅಷ್ಟನ್ನೆಲ್ಲ ತಿಂದಿತು, ನನ್ನ ಬೋಲ್ಟನ್ನು ತಿನ್ನಲಿಲ್ಲ. ಯಾರೂ ನೋಡುವ ಮುಂಚೆ ಗರಗಸ ಹಾಕಿ ಬಾಗಿಲನ್ನು ಕಂಬದ ಸಮೇತ ಕುಯ್ದು ತೆಗೆದೆ. ಆ ಲಾರಿಯಿಂದ ನಾನು ಬಿಚ್ಚಿದ ಮೊದಲ ಸಾಮಾನು ಅದೇ. ಗುಜರಿಗೆ ಹೋಯಿತು ಎಂದು ಬರೆದದ್ದು ಸುಳ್ಳು. ಗೋಣಿಚೀಲಗಳ ಕೆಳಗೆ ಇದೆ. ದಿನಾ ಅದರ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತೇನೆ. ಸೋಮಶೇಖರಪ್ಪ ನಾಲ್ಕು ಸಲ ಕೇಳಿದ, ಅವನಿಗೂ ಗುಜರಿ ಎಂದೇ ಹೇಳಿದ್ದೇನೆ. ಬಿಸಾಕಲು ಕೈ ಬರಲಿಲ್ಲ, ತೋರಿಸಲು ಧೈರ್ಯ ಬರಲಿಲ್ಲ. ಮಣ್ಣಿನ ದಿನ ಬೇಲಿಯ ಆಚೆ ನಿಂತಿದ್ದು ಇದಕ್ಕೇ, ಜಾತಿಗಲ್ಲ.

ಈಗ ನನ್ನ ಕೈ ನೋಡಿಕೊಂಡರೆ ನನಗೇ ಹೇಸಿಗೆಯಾಗುತ್ತದೆ. ಸೆಪ್ಟೆಂಬರ್ ಹದಿನೆಂಟಕ್ಕೆ ಬಾಗಿಲು ತೆಗೆದುಕೊಂಡು ಚಿಕ್ಕಮಗಳೂರಿಗೆ ಬರುತ್ತೇನೆ. ಮಲ್ಲಿಕಾಂಬನಿಗೆ ಎಲ್ಲ ಹೇಳಿದೆ. ಅವಳು ಅತ್ತಳು, ಆಮೇಲೆ ಹೋಗಿ ಎಂದಳು.

ನೀನು ಏನಾದರೂ ಬರೆ. ಬೈದಾದರೂ ಬರೆ.

ಕಲ್ಲೇಶಿ


ಕಾರ್ಡು
ಕಡೂರು, 4-9-1978

ಅಕ್ಕ, ಹೋದ ತಿಂಗಳು ಹಾಕಿದ ಪತ್ರ ಸೇರಿತೋ ಇಲ್ಲವೋ ತಿಳಿಯಲಿಲ್ಲ. ದಿನಾ ಪೋಸ್ಟಿನವನನ್ನು ಕೇಳುತ್ತಿದ್ದೇನೆ. ಬರುವುದು ಖಂಡಿತ.
ಕಲ್ಲೇಶಿ


ಅಜ್ಜಂಪುರ
29-9-1978

ಶ್ರೀ ಕಲ್ಲೇಶಪ್ಪನವರಿಗೆ, ನಮಸ್ಕಾರ.

ನಿಮ್ಮ ಪತ್ರ ಆಗಸ್ಟ್ ಹದಿನಾರಕ್ಕೇ ಬಂತು. ಕಾರ್ಡೂ ಬಂತು. ಬೇಕೆಂದೇ ಉತ್ತರ ಬರೆಯಲಿಲ್ಲ. ಹೋಗಲಿ ಬಿಡು ಎಂದು ಬರೆದರೆ ನೀವು ಹಗುರಾಗಿ ಮನೆಯಲ್ಲೇ ಉಳಿಯುತ್ತೀರೇನೋ ಎಂದು ಭಯ, ಬೈದು ಬರೆದರೆ ಹೆದರಿ ಉಳಿಯುತ್ತೀರೇನೋ ಎಂದು ಭಯ. ಮಾರಮ್ಮನ ಮಗುವಿಗೆ ಬೇಕಾಗಿದ್ದದ್ದು ನೀವು ಅಲ್ಲಿಗೆ ಬರುವುದು.

ಬಂದಿರಿ. ಗೋಣಿಯಲ್ಲಿ ಸುತ್ತಿದ ಆ ಬಾಗಿಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ್ದನ್ನು ನೋಡಿದೆ. ಸೋಮಶೇಖರಪ್ಪನ ವಕೀಲ "ಹಾಗಾದರೆ ಕೊಂದವನು ನೀನೇ ಅಲ್ಲವೇ" ಎಂದು ಕೇಳಿದಾಗ ನೀವು "ಹೌದು ಸ್ವಾಮಿ" ಎಂದಿರಿ. ಆಮೇಲೆ ಮುಖ ತೊಳೆಯಲು ಹೊರಗೆ ಹೋದವರು ವಾಪಸು ಬರಲಿಲ್ಲ. ಅದಕ್ಕೇ ಮುಂದಿನದನ್ನು ಬರೆಯುತ್ತಿದ್ದೇನೆ. ಅಧಿಕಾರಿಗಳು ಬೋಲ್ಟಿನ ಮೇಲೆ ಬೆರಳಿಟ್ಟು ನೋಡಿದರು. ಸೋಮಶೇಖರಪ್ಪ "ಬೋಲ್ಟಿನ ವಿಷಯ ನಂಗೇನ್ ಗೊತ್ತು, ಮೆಕ್ಯಾನಿಕ್ ಮಾಡಿರದು" ಎಂದ. ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ, ನೋಡಲು ಅಸಹ್ಯವಾಗುತ್ತಿತ್ತು. ಆದೇಶ ಮೊನ್ನೆ ಬಂತು. ಡ್ರೈವರ್ ಜವರಯ್ಯ ಕುಡಿದಿದ್ದ ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಬಾಗಿಲು ತೆರೆಯಲಾಗದ ಸ್ಥಿತಿಯಲ್ಲಿದ್ದುದರಿಂದ ಸತ್ತಿದ್ದಾನೆ, ಮಾಲೀಕ ಪರಿಹಾರ ಕೊಡತಕ್ಕದ್ದು. ಮಾರಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಓದಲು ಹೇಳಿದಳು. ಆಮೇಲೆ ಅತ್ತಳು, ಫೆಬ್ರವರಿಯಿಂದ ಈಚೆಗೆ ಮೊದಲ ಸಲ.

ಇನ್ನು ನನ್ನದೊಂದು ಇದೆ. ನೀವು ಹೇಳಿದ ಮೇಲೆ ನಾನೂ ಹೇಳಬೇಕು. ಆ ಬೋಲ್ಟಿನ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಸಂಕ್ರಾಂತಿಯ ಮಾರನೇ ದಿನ ಜವರಯ್ಯ ಈರುಳ್ಳಿ ಹೇರಿಕೊಂಡು ಹೋಗುವಾಗ ಇಲ್ಲಿ ನಿಲ್ಲಿಸಿದ್ದ. ಎಡಗಡೆಯಿಂದ ಇಳಿದು ಬಂದ. ಯಾಕೋ ಎಂದೆ. "ಕಲ್ಲೇಶಿ ಬಾಗ್ಲು ಬಡಿದವ್ನೆ ಅಕ್ಕ, ಸಕತ್ ಗಟ್ಟಿ" ಎಂದ. ಗಂಡಸಾಗಿ ಸುತ್ತುಬಳಸಿ ಇಳಿಯುತ್ತೀಯಲ್ಲೋ ಎಂದು ನಾನು ನಕ್ಕು, ಅವರೆಕಾಳು ಸಾರು ಬಡಿಸಿದೆ. ಬಿಚ್ಚಿಸಿಕೊಂಡು ಬಾ ಎನ್ನಲಿಲ್ಲ. ನಿಮಗೊಂದು ಕಾರ್ಡು ಬರೆಯಲಿಲ್ಲ. ಆಸ್ಪತ್ರೆಯಲ್ಲಿ ಬಾಗಿಲ ಮುಂದೆ ಬಕೆಟ್ಟು ಅಡ್ಡ ಇಟ್ಟರೂ ಬೈಯುವ ಹೆಂಗಸು ನಾನು.

ಗೊತ್ತಿದ್ದೂ ಕೇಳಿದೆ. ನಾನೇ ಹೋಗಿ ಹೇಳಿದ್ದರೆ ಸತ್ತವನ ಅಕ್ಕನ ಮಾತು ಎಂದು ತಳ್ಳಿಹಾಕುತ್ತಿದ್ದರು, ನೀವು ಇಲ್ಲ ಎನ್ನುತ್ತಿದ್ದಿರಿ. ಬಡಿದವರ ಬಾಯಿಂದಲೇ ಬರಬೇಕಿತ್ತು. ಅದಕ್ಕೆ ಚಟ್ನಿಪುಡಿ ಕಳಿಸಿದೆ, ಜವರಯ್ಯನ ಹೆಸರು ತೆಗೆದೆ, ಮಾರಮ್ಮನ ಮಾತು ಬರೆದೆ. ನಿಮ್ಮ ಹೊಟ್ಟೆಯಲ್ಲಿ ಅದು ತಿರುಗಲಿ ಎಂದೇ ಮಾಡಿದೆ. ಏಳು ತಿಂಗಳು ಹಾಗೆ ಮಾಡುವಾಗ ನನ್ನ ಮೇಲೂ ನನಗೆ ಹೇಸಿಗೆಯಾಗುತ್ತಿತ್ತು. ನಿಮ್ಮ ಮೇಲೆ ಬಂದ ಹೇಸಿಗೆಯಲ್ಲಿ ನನ್ನ ಪಾಲು ಎಷ್ಟು ಎಂದು ಈಗ ಬಿಡಿಸಿ ನೋಡಲು ಆಗುವುದಿಲ್ಲ.

ಸೋಮಶೇಖರಪ್ಪ ನಿಮ್ಮ ಕೆಲಸ ಕಿತ್ತುಕೊಂಡಿದ್ದಾನೆ, ಬೇರೆ ಗಾಡಿಯವರೂ ಬರುತ್ತಿಲ್ಲ ಎಂದು ರಂಗಪ್ಪ ಹೇಳಿದ. ಕೇಳಿ ಸಂತೋಷವಾಗಲಿಲ್ಲ. ನಿಮ್ಮ ಮನೆಯವರಿಗೆ ಏನಾದರೂ ಬೇಕಾದರೆ ಆಸ್ಪತ್ರೆಗೆ ಬರಲಿ, ಅವರನ್ನು ನೋಡಿಕೊಳ್ಳುತ್ತೇನೆ.

ನೀವು ಮಾತ್ರ ಇನ್ನು ಪತ್ರ ಬರೆಯಬೇಡಿ. ನಿಮ್ಮ ಪತ್ರಗಳನ್ನು ಈ ಕವರಿನಲ್ಲೇ ವಾಪಸು ಇಟ್ಟಿದ್ದೇನೆ. ಆಗಸ್ಟಿನದೊಂದನ್ನು ಕೊಡುವುದಿಲ್ಲ. ಜವರಯ್ಯನ ಮಗಳು ಓದಲು ಕಲಿತ ಮೇಲೆ ಅದನ್ನು ಅವಳ ಕೈಗೆ ಕೊಡುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ಅವಳೇ ತೀರ್ಮಾನ ಮಾಡಲಿ.

ಭಾಗಮ್ಮ